ಬಿಲ್ಲಿನ ಬೇಟೆಗೆ ಮಗುವನ್ನು ಕರೆದೊಯ್ಯುವಾಗ

ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ ಮಧ್ಯದಿಂದ ಜನವರಿಯ ಮೊದಲ ವಾರದವರೆಗೆ ಬಿಲ್ಲುಬಾಣಗಳಿಂದ ಜಿಂಕೆಯ ಬೇಟೆಯಾಡಲು ಅನುಮತಿಯುಂಟು. ಈ ಋತುವಿನಲ್ಲಿ ಓಕ್ ಮರಗಳ ತೋಪುಗಳಲ್ಲಿ, ಕೊಯ್ಲಿಗೆ ಕಾದು ನಿಂತ ಮುಸುಕಿನ ಜೋಳದ ಹೊಲಗಳ ಅಂಚಿನಲ್ಲಿ, ತಂದೆಯ ಅಥವಾ ತಾಯಿಯ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕುಳಿತಿರುವ ಆರೇಳು ವರ್ಷದ ಮಕ್ಕಳು ಕಾಣಸಿಗುವುದು ಅಪೂರ್ವವೇನಲ್ಲ. ನೆರೆಹೊರೆಯವರ ಸಹವಾಸದಿಂದ ಈ ವಿದ್ಯೆಗೆ ಮನಸೋತ ಕನ್ನಡಿಗರೂ ಆ ಸೀಮೆಯಲ್ಲಿದ್ದಾರೆ, ನಾನೂ ಅವರಲ್ಲೊಬ್ಬ. ಮಗುವನ್ನು ಜೊತೆಗೆ ಕರೆದೊಯ್ಯಬೇಕೆಂಬ ಅಪೇಕ್ಷೆಯುಳ್ಳವರಿಗೆ ಉಪಯೋಗವಾಗಲೆಂದು, ಅನುಭವಿಗಳಿಂದ ಕೇಳಿದ್ದನ್ನೂ ಸ್ವತಃ ಕಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲೇ ಹೇಳಬೇಕಾದ ಮಾತೊಂದಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಂಕೆಯ ಬೇಟೆ ದಂಡನಾರ್ಹವಾದ ಅಪರಾಧ. ನಮ್ಮ ಕಾಡುಗಳ ಸ್ಥಿತಿಯನ್ನು ಬಲ್ಲವರು ಆ ನಿಷೇಧವನ್ನು ಯುಕ್ತವೆಂದೇ ಒಪ್ಪುವರು. ಆದ್ದರಿಂದ ಈ ಲೇಖನದ ಯಾವ ಸಲಹೆಯೂ ತಾಯ್ನಾಡಿಗೆ ಅನ್ವಯಿಸತಕ್ಕದ್ದಲ್ಲ. ಹಾಗೆಂದು ಈ ವಿಷಯ ಕನ್ನಡನಾಡಿನವರಿಗೆ ತೀರ ಹೊಸದೂ ಅಲ್ಲ: ಕೊಡಗಿನಲ್ಲಿ ಗಂಡುಮಗು ಹುಟ್ಟಿದೊಡನೆ ಅಂಗಳದಲ್ಲಿ ಒಂದು ಗುಂಡು ಹಾರಿಸಿ, ಔಡಲದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲನ್ನೂ ಅದರ ಎಲೆಯ ತೊಟ್ಟಿನಿಂದಾದ ಬಾಣವನ್ನೂ ಶಿಶುವಿನ ಕೈಗೆ ಮುಟ್ಟಿಸುವ ಪದ್ಧತಿಯನ್ನು ಕೇಳಿಬಲ್ಲವರಿಗೆ, ಬಿಲ್ಲನ್ನು ಮುಂದಿನ ತಲೆಮಾರಿಗೆ ಒಪ್ಪಿಸುವ ಆಸೆ ಪರದೇಶದ ವಿಚಿತ್ರವೆಂದು ತೋರಲಾರದು.

ಅಮೆರಿಕದಲ್ಲಿ ಈ ಬೇಟೆಗೆ ಅನುಮತಿ ಏಕಿದೆಯೆಂಬುದನ್ನು, ಮಗು ಕೇಳುವುದಕ್ಕೆ ಮೊದಲು, ಹಿರಿಯರು ತಿಳಿದಿರಬೇಕು. ಅಲ್ಲಿಯ ಬಿಳಿಬಾಲದ ಜಿಂಕೆ, ಹತ್ತೊಂಬತ್ತನೆಯ ಶತಮಾನದಲ್ಲಿ ಮಾಂಸ ಚರ್ಮಗಳ ವ್ಯಾಪಾರಕ್ಕಾಗಿ ನಡೆದ ಲಂಗುಲಗಾಮಿಲ್ಲದ ಕೊಲೆಯಿಂದ, 1900ರ ಹೊತ್ತಿಗೆ ದೇಶದಲ್ಲೆಲ್ಲ ಸೇರಿ 5 ಲಕ್ಷಕ್ಕೆ ಅಥವಾ ಅದಕ್ಕಿಂತಲೂ ಕೆಳಕ್ಕೆ ಇಳಿದಿತ್ತೆಂದು ಅಂದಾಜು. ಆ ವ್ಯಾಪಾರವನ್ನು ತಡೆಯಲು ಆ ವರ್ಷ ಬಂದ ಲೇಸಿ ಕಾಯಿದೆ, ಸಂಸ್ಥಾನಗಳು ಗೊತ್ತುಮಾಡಿದ ಋತುನಿಯಮಗಳು, ಬಂದೂಕು ಮದ್ದುಗುಂಡುಗಳ ತೆರಿಗೆಯನ್ನು ವನ್ಯಜೀವಿಗಳ ಪಾಲನೆಗೆಂದೇ ಮೀಸಲಿಟ್ಟ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆ, ಇವೆಲ್ಲದರ ಬಲದಿಂದ ಆ ಸಂತತಿ ಇಂದು ಕೋಟಿಗಳಲ್ಲಿ ಎಣಿಸಬೇಕಾದಷ್ಟು ಬೆಳೆದಿದೆ. 1972ರ ತಿದ್ದುಪಡಿಯಿಂದ ಬಿಲ್ಲಿನ ಮೇಲೂ ನೂರಕ್ಕೆ 11ರಂತೆ ಅದೇ ಬಗೆಯ ತೆರಿಗೆ ಬಿದ್ದಿತು. ತೋಳ, ಪ್ಯೂಮಾಗಳು ಬಹುಭಾಗದಿಂದ ಮರೆಯಾದ ಆ ನಾಡಿನಲ್ಲಿ ಜಿಂಕೆಗಳು ಮಿತಿಮೀರಿದರೆ ಕಾಡಿನ ಸಸಿಗಳನ್ನು ಮೊಳಕಾಲೆತ್ತರಕ್ಕೂ ಏಳದಂತೆ ಮೇಯ್ದುಬಿಡುತ್ತವೆ; ಜಿಂಕೆಗಳೇ ಹೆದ್ದಾರಿಗಳಲ್ಲಿ ವಾಹನಗಳಿಗೆ ಸಿಕ್ಕಿ, ಹಿಮಗಾಲದಲ್ಲಿ ಹಸಿವಿನಿಂದ ನವೆದು, ಬಾಣದ ಸಾವಿಗಿಂತ ಕಷ್ಟದ ಸಾವನ್ನು ಸಾಯುತ್ತವೆ.

ಬಂದೂಕಿನ ನಾಡಿನಲ್ಲಿ ಬಿಲ್ಲು ಮತ್ತೆ ಬೇರೂರಿದ್ದರಲ್ಲಿ ಒಬ್ಬ ಆದಿವಾಸಿಯ ಪಾಲು ದೊಡ್ಡದು. ಯಾಹಿ ಜನಾಂಗದ ಕಡೆಯವನಾಗಿ ಉಳಿದ ಇಶಿ 1911ರಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಬಳಿ ಹೊರಜಗತ್ತಿಗೆ ಕಾಣಿಸಿಕೊಂಡನು. ಅವನ ಆರೋಗ್ಯವನ್ನು ನೋಡಿಕೊಳ್ಳುತ್ತಿದ್ದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲು ಬಾಣಗಳನ್ನು ಮಾಡುವುದನ್ನೂ ಮರೆಯಲ್ಲಿ ಕುಳಿತು ಕಾಯುವುದನ್ನೂ ಕಲಿತು 1923ರಲ್ಲಿ ಒಂದು ಗ್ರಂಥವನ್ನೇ ಬರೆದನು. ವಿಸ್ಕಾನ್ಸಿನ್ ಸಂಸ್ಥಾನ ಬಿಲ್ಲಿಗೆಂದೇ ಪ್ರತ್ಯೇಕವಾದ ಜಿಂಕೆಯ ಋತುವನ್ನು ತೆರೆದದ್ದು 1934ರಲ್ಲಿ. ಆ ಕಾಲದಲ್ಲಿ ಮ್ಯಾಡಿಸನ್ನಿನ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಆಲ್ಡೊ ಲಿಯೊಪೋಲ್ಡ್ ತಮ್ಮ ಬಿಲ್ಲುಗಳನ್ನು ತಾವೇ ಕೆತ್ತಿ ಮಾಡಿಕೊಳ್ಳುತ್ತಿದ್ದರು. ಅವರ ಪತ್ನಿ ಎಸ್ಟೆಲ್ಲಾ ಸಂಸ್ಥಾನದ ಮಹಿಳೆಯರ ಬಿಲ್ವಿದ್ಯೆಯ ಸ್ಪರ್ಧೆಗಳಲ್ಲಿ ಪ್ರಶಸ್ತಿ ಗಳಿಸಿದವರು.

ಲಿಯೊಪೋಲ್ಡರು ತೀರಿಕೊಂಡ ಮರುವರ್ಷ, ಎಂದರೆ 1949ರಲ್ಲಿ, ಪ್ರಕಟವಾದ ‘ಎ ಸ್ಯಾಂಡ್ ಕೌಂಟಿ ಆಲ್ಮನಾಕ್’ ಎಂಬ ಗ್ರಂಥದಲ್ಲಿ ಅವರ ಬಾಲ್ಯದ ಪ್ರಸಂಗವೊಂದು ಬರುತ್ತದೆ. ಹುಡುಗನ ಕೈಗೆ ಬಂದೂಕು ಬಂದಾಗ ತಂದೆ ಒಂದು ಕಟ್ಟು ವಿಧಿಸಿದ್ದರು: ಮರದಲ್ಲಿ ಕುಳಿತ ಹಕ್ಕಿಗೆ ಗುಂಡಿಡಕೂಡದು, ಹಾರುವ ಹಕ್ಕಿಗೆ ಮಾತ್ರ ಇಡಬಹುದು. ನಾಯಿ ಅಟ್ಟಿ ಮರಕ್ಕೇರಿಸಿದ ಹಕ್ಕಿ ನಿಶ್ಚಯವಾಗಿ ಕೈಸೇರುವಂತಿದ್ದರೂ ಬಿಟ್ಟುಕೊಡಬೇಕಾಗಿ ಬಂದದ್ದೇ ತಮಗೆ ದೊರೆತ ಮೊದಲ ನೀತಿಪಾಠವೆಂದು ಅವರು ನೆನೆಯುತ್ತಾರೆ. ಬೇಟೆಯ ಸಂಪ್ರದಾಯದಲ್ಲಿ ಮಗುವಿಗೆ ಒಪ್ಪಿಸತಕ್ಕ ಮುಖ್ಯಾಂಶ ಇದೇ ಎಂದು ನನ್ನ ನಿಶ್ಚಯ. ಬಾಣವನ್ನು ಬಿಡುವ ಕೌಶಲವನ್ನು ಹದಿಹರೆಯದಲ್ಲಿಯೂ ಕಲಿಯಬಹುದು. ಬಿಡಬಹುದಾಗಿದ್ದಾಗ ಬಿಡದೆ ಕೈತಡೆಯುವ ಶೀಲ ಎಳೆಯ ಮನಸ್ಸಿನಲ್ಲಿ ಬೇರು ಬಿಡಬೇಕು. ಮುಂದೆ ಹೇಳುವುದೆಲ್ಲ ಈ ನಿಶ್ಚಯದಿಂದ ಹೊರಟದ್ದು.

ಕಾನೂನನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಂದಾಗಲಿ ಆಮೇಲಾಗಲಿ ಹುಟ್ಟಿದವರು ಪರವಾನಗಿ ಪಡೆಯಲು ಬೇಟೆಯ ಶಿಕ್ಷಣದಲ್ಲಿ ತೇರ್ಗಡೆಯಾಗಿರಬೇಕು. ಇದಕ್ಕೊಂದು ವಿನಾಯಿತಿಯುಂಟು: 2017ರಲ್ಲಿ ಆದ ಬದಲಾವಣೆಯಂತೆ, ಅರ್ಹನಾದ ಹಿರಿಯನೊಬ್ಬ ಮಾರ್ಗದರ್ಶಕನಾಗಿ ಕೈಯಳತೆಯಲ್ಲಿಯೇ ಇರುವುದಾದರೆ, ವಯಸ್ಸಿನ ಮಿತಿಯಿಲ್ಲದೆ ಮಗುವೂ ಬೇಟೆಯಾಡಬಹುದು. ಕಾನೂನು ಒಪ್ಪಿತೆಂಬ ಕಾರಣಕ್ಕೆ ಆರು ವರ್ಷದ ಮಗುವಿನ ಕೈಯಲ್ಲಿ ಜೀವ ತೆಗೆಯುವ ಹೊಣೆಯನ್ನು ಇಡುವುದು ನನಗೆ ಸರಿಕಾಣದು. ಜಿಂಕೆಗೆ ಬಳಸುವ ಬಿಲ್ಲಿನ ಸೆಳೆತ ಕನಿಷ್ಠ 30 ಪೌಂಡ್ ಇರಬೇಕೆಂಬ ನಿಯಮವೇ ಇಲ್ಲಿ ಒಂದು ಅಳತೆಗೋಲಾಗಲಿ: ಅಷ್ಟನ್ನು ಸರಾಗವಾಗಿ ಎಳೆದು ನಿಲ್ಲಿಸಬಲ್ಲ ಮೈಕಟ್ಟು ಬರುವವರೆಗೆ ಮಗು ಸಂಗಡಿಗನಾಗಿರಲಿ, ಬೇಟೆಗಾರನಾಗುವುದು ಬೇಡ.

ಸಂಗಡಿಗನಿಗೂ ಸ್ವಂತದ ಬಿಲ್ಲೊಂದು ಇರಬೇಕು. ಆರೇಳು ವರ್ಷದವರಿಗೆ 10ರಿಂದ 15 ಪೌಂಡ್ ಸೆಳೆತದ ಹಗುರವಾದ ಬಿಲ್ಲು ಸಾಕು. ಕೊಳ್ಳುವುದಕ್ಕೆ ಮೊದಲು ಮಗುವಿನ ಯಾವ ಕಣ್ಣು ಪ್ರಬಲವೆಂದು ನೋಡಿರಿ: ಎರಡು ಅಂಗೈಗಳನ್ನೂ ಮುಂದೆ ಚಾಚಿ ಹೆಬ್ಬೆರಳುಗಳ ನಡುವೆ ಒಂದು ಸಣ್ಣ ಕಿಂಡಿ ಮಾಡಿಸಿ, ಅದರ ಮೂಲಕ ದೂರದ ವಸ್ತುವೊಂದನ್ನು ಎರಡು ಕಣ್ಣುಗಳಿಂದಲೂ ನೋಡಿಸಿ, ಬಳಿಕ ಒಂದೊಂದೇ ಕಣ್ಣನ್ನು ಮುಚ್ಚಿಸಬೇಕು, ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲಿಯೇ ನಿಲ್ಲುವುದೋ ಅದು ಪ್ರಬಲವಾದ ಕಣ್ಣು, ಹೆದೆಯನ್ನು ಆ ಬದಿಯ ಕೈಯಿಂದ ಎಳೆಯುವುದು ಲೇಸು. ಬಾಣ ಹೂಡದೆ ಹೆದೆಯನ್ನು ಎಳೆದು ಬಿಡಕೂಡದು, ಬಿಲ್ಲು ಸೀಳುವುದುಂಟು. ಆಕಾಶಕ್ಕೆ ಬಾಣ ಬಿಡಕೂಡದು. ಎಲ್ಲರ ಬಾಣಗಳೂ ಮುಗಿಯುವವರೆಗೆ ಗೆರೆ ದಾಟಕೂಡದು. ಗುರಿಹಲಗೆಯಿಂದ ಬಾಣ ಕೀಳುವವನ ಬೆನ್ನ ಹಿಂದೆ ನಿಲ್ಲಕೂಡದು. ಈ ನಾಲ್ಕನ್ನು ಮಗು ದೊಡ್ಡವರಿಗೆ ಜ್ಞಾಪಿಸುವಷ್ಟರಮಟ್ಟಿಗೆ ಅಭ್ಯಾಸ ಮಾಡಿಸಿರಿ.

ದೊಡ್ಡವರ ಬಿಲ್ಲು ಈಗ ಬಹುಮಟ್ಟಿಗೆ ಕಾಂಪೌಂಡ್ ಬಿಲ್ಲು. ಮಿಸ್ಸೂರಿಯ ಹಾಲೆಸ್ ವಿಲ್ಬರ್ ಆಲೆನ್ ಎಂಬವನು 1969ರಲ್ಲಿ ಪೇಟೆಂಟ್ ಪಡೆದ ಈ ಯಂತ್ರದಲ್ಲಿ, ತುದಿಗಳ ರಾಟೆಗಳ ದೆಸೆಯಿಂದ, ಹೆದೆಯನ್ನು ಪೂರ್ತಿ ಎಳೆದ ಮೇಲೆ ಕೈಯ ಮೇಲಿನ ಭಾರ ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ಆದರೂ ನಿಮಿಷಗಟ್ಟಲೆ ಎಳೆದು ನಿಲ್ಲಬೇಕಾದೀತೆಂಬುದನ್ನು ನೆನೆದು ಅಭ್ಯಾಸ ಮಾಡಬೇಕು. ಅಂಗಳದಲ್ಲಿ ನಿಂತು ಮಾತ್ರವಲ್ಲದೆ, ಬೇಟೆಯ ದಿನ ತೊಡುವ ದಪ್ಪ ಉಡುಪಿನಲ್ಲಿ, ಕೂರುವ ಕುರ್ಚಿಯಲ್ಲಿಯೇ ಕುಳಿತು, ಬೇಟೆಯ ಅಲಗನ್ನು ಸಿಕ್ಕಿಸಿದ ಬಾಣದಿಂದ. ಬಾಣ ಕೊಲ್ಲುವುದು ಗುಂಡಿನಂತೆ ಆಘಾತದಿಂದಲ್ಲ, ರಕ್ತನಾಳಗಳನ್ನು ಕೊಯ್ದು. ಆದಕಾರಣ ಅಲಗು ಕ್ಷೌರದ ಕತ್ತಿಯಷ್ಟು ಹರಿತವಾಗಿರದಿದ್ದರೆ ಅದು ಹಿಂಸೆಯ ಸಾಧನವಾಗುತ್ತದೆ. ದೂರ 20 ಗಜವನ್ನು ಮೀರುವುದು ಬೇಡವೆಂಬುದು, ಮಗು ಜೊತೆಗಿದ್ದಾಗ, ನನ್ನ ಖಚಿತವಾದ ಸಲಹೆ. ಬಾಣ ಸೆಕೆಂಡಿಗೆ ಸುಮಾರು 280 ಅಡಿ ಹೋದರೆ ಶಬ್ದ 1,100 ಅಡಿ ಹೋಗುತ್ತದೆ. ಹೆದೆಯ ಸದ್ದು ಕೇಳಿದ ಜಿಂಕೆ ನೆಗೆಯುವುದಕ್ಕೆಂದು ಮೊದಲು ಮೈಕುಗ್ಗಿಸುವುದರಿಂದ, ದೂರ ಹೆಚ್ಚಿದಷ್ಟೂ ಬಾಣ ಉದ್ದೇಶಿಸಿದ ಸ್ಥಳವನ್ನು ಬಿಟ್ಟು ಮೇಲೆ ತಗಲುವ ಅಥವಾ ಹಾರಿಹೋಗುವ ಸಂಭವ ಹೆಚ್ಚುತ್ತದೆ.

ಕೈತಡೆಯುವುದನ್ನು ಕಲಿಸಲು ಒಂದು ಸೊಗಸಾದ ಉಪಾಯವಿದೆ. ಅಂಗಡಿಗಳಲ್ಲಿ ದೊರೆಯುವ, ಜಿಂಕೆಯ ಆಕಾರದ ಫೋಮಿನ ಬೊಂಬೆಯನ್ನು ಅಂಗಳದಲ್ಲಿರಿಸಿ, ದಿನಕ್ಕೊಂದು ಬಗೆಯಾಗಿ ತಿರುಗಿಸಿ, “ಈಗ ಬಿಡಬಹುದೆ?” ಎಂದು ಮಗುವನ್ನು ಕೇಳಿರಿ. ಪಕ್ಕೆ ಪೂರ್ತಿಯಾಗಿ ಕಾಣುವಂತೆ ಅಡ್ಡವಾಗಿ ನಿಂತಿದ್ದರೆ ಬಿಡಬಹುದು; ತುಸು ಆಚೆಮೊಗವಾಗಿ ಓರೆಯಾಗಿದ್ದರೆ ಇನ್ನೂ ಒಳ್ಳೆಯದು, ಅಲಗು ಪಕ್ಕೆಲುಬಿನ ಹಿಂದಿನಿಂದ ಹೊಕ್ಕು ಎದುರು ಹೆಗಲಿನತ್ತ ಹೋಗುತ್ತದೆ. ಎದುರುಮೊಗವಾಗಿದ್ದರೆ ಬೇಡ, ಬೆನ್ನು ತಿರುಗಿಸಿದ್ದರೆ ಬೇಡ, ಹಿಂದೆ ಇನ್ನೊಂದು ಜಿಂಕೆಯಿದ್ದರೆ, ನಡುವೆ ರೆಂಬೆ ಅಡ್ಡವಾಗಿದ್ದರೆ, ನಡೆಯುತ್ತಿದ್ದರೆ ಬೇಡ. ಮುಂಗಾಲಿನ ಹಿಂದೆ, ಮೈಯ ಕೆಳಗಿನ ಮೂರನೆಯ ಒಂದು ಪಾಲಿನಲ್ಲಿ, ಗುಂಡಿಗೆ ಮತ್ತು ಶ್ವಾಸಕೋಶಗಳು ಸೇರಿ ಒಂದು ಊಟದ ತಟ್ಟೆಯಷ್ಟು ಜಾಗವಿದೆ. ಅದು ತೆರವಾಗಿ ಕಾಣದ ಹೊರತು ಉತ್ತರ ‘ಬೇಡ’ ಎಂದೇ. ಕೆಲವೇ ವಾರಗಳಲ್ಲಿ ಮಗು ನಿಮಗಿಂತ ಕಟ್ಟುನಿಟ್ಟಾದ ತೀರ್ಪುಗಾರನಾಗುವುದನ್ನು ಕಾಣುವಿರಿ.

ಆಗಸ್ಟ್ ತಿಂಗಳಲ್ಲಿಯೇ, ಜಮೀನಿನವರ ಅನುಮತಿ ಪಡೆದು, ಮಗುವಿನೊಡನೆ ಕಾಡು ಸುತ್ತಬೇಕು. ಗೊರಸಿನ ಗುರುತು, ಹಿಕ್ಕೆ, ಬಿಳಿ ಓಕ್ ಮರದ ಕೆಳಗೆ ಉದುರಿದ ಕಾಯಿಗಳು, ಮುಂದೆ ಬೆದೆಗಾಲ ಸಮೀಪಿಸಿದಾಗ ಗಂಡು ಕೊಂಬು ತಿಕ್ಕಿ ಸಿಪ್ಪೆ ಸುಲಿದ ಎಳೆಮರಗಳು, ಇವುಗಳನ್ನು ಹುಡುಕುವುದರಲ್ಲಿ ಮಕ್ಕಳಿಗೆ ದಣಿವೆಂಬುದಿಲ್ಲ. ಗಾಳಿಯನ್ನು ಕಲಿಸಲು ಮಾತಿಗಿಂತ ಮಿಲ್ಕ್‌ವೀಡ್ ಗಿಡದ ಕಾಯಿ ಮೇಲು. ಅದು ನಮ್ಮ ಎಕ್ಕದ ಬಂಧು. ಒಣಗಿದ ಕಾಯಿ ಬಿರಿದರೆ ಒಳಗೆ ಚಪ್ಪಟೆಯ ಕಂದು ಬೀಜಗಳು ಒಂದರ ಮೇಲೊಂದು ಪದರಾಗಿ ಜೋಡಿಸಿದ್ದು, ಪ್ರತಿಯೊಂದಕ್ಕೂ ರೇಷ್ಮೆಯಂಥ ಕುಚ್ಚಿರುತ್ತದೆ. ಮಗು ಒಂದು ಎಳೆಯನ್ನು ಬೆರಳಿನಿಂದ ಬಿಟ್ಟು ನೋಡಲಿ: ಮುಖಕ್ಕೆ ತಿಳಿಯದಷ್ಟು ಮಂದವಾದ ಗಾಳಿಯಲ್ಲಿಯೂ ಅದು ಹತ್ತು ಗಜ ನೇರವಾಗಿ ತೇಲಿ, ತಗ್ಗಿನ ಬಳಿ ತಿರುಗಿ, ಇಳಿಜಾರಿನತ್ತ ಎಳೆದುಕೊಂಡು ಹೋಗುವುದು ಕಣ್ಣಿಗೆ ಕಾಣುತ್ತದೆ. ನಮ್ಮ ಮೈಯ ವಾಸನೆ ಹೋಗುವ ದಾರಿಯೂ ಅದೇ. ಜಿಂಕೆ ಬರುವ ಜಾಡಿನತ್ತ ಎಳೆ ತೇಲಿದರೆ ಆ ದಿನ ಅಲ್ಲಿ ಕೂರುವುದು ವ್ಯರ್ಥ.

ಮರದ ಮೇಲೆ 15-20 ಅಡಿ ಎತ್ತರದಲ್ಲಿ ಕಟ್ಟುವ ಅಟ್ಟಣೆ ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲ. ದೊಡ್ಡವರು ಏರುವಾಗಲೂ ಮೈಗೆಲ್ಲ ಬಿಗಿಯುವ ಹಾರ್ನೆಸ್ ನೆಲ ಬಿಟ್ಟ ಕ್ಷಣದಿಂದ ಮರಕ್ಕೆ ಕಟ್ಟಿರಬೇಕು, ಬಿಲ್ಲನ್ನು ಆಮೇಲೆ ಹಗ್ಗದಿಂದ ಸೇದಿಕೊಳ್ಳಬೇಕು. ಮಗುವಿನೊಡನೆ ನೆಲದ ಮೇಲಿನ ಬಟ್ಟೆಯ ಗುಡಾರವೇ ಕ್ಷೇಮ. ಜಿಂಕೆಗಳಿಗೆ ರೂಢಿಯಾಗಲೆಂದು ಅದನ್ನು ಕೆಲವು ವಾರ ಮೊದಲೇ ನಿಲ್ಲಿಸಿ, ಒಳಗಿನ ನೆಲವನ್ನು ಒಣ ಎಲೆಯಿಲ್ಲದಂತೆ ಗುಡಿಸಿ, ಒಂದು ಪಕ್ಕದ ಕಿಟಕಿಗಳನ್ನು ಮಾತ್ರ ತೆರೆದಿಡಬೇಕು; ಎರಡು ಪಕ್ಕವೂ ತೆರೆದರೆ ಬೆಳಕಿನ ಹಿನ್ನೆಲೆಯಲ್ಲಿ ನಿಮ್ಮ ಆಕೃತಿ ಕಾಣುತ್ತದೆ. ಒಳಗೆ ಕಪ್ಪು ಉಡುಪು ಒಳ್ಳೆಯದು. ಚಕ್ಕುಲಿಯೋ ದ್ರಾಕ್ಷಿಯೋ, ತಿಂಡಿಯನ್ನು ಸದ್ದುಮಾಡುವ ಪೊಟ್ಟಣದಿಂದ ಬಿಡಿಸಿ ಬಟ್ಟೆಯ ಚೀಲದಲ್ಲಿ ಒಯ್ಯಿರಿ. ಬೆಳಗಿನ ಚಳಿಗಿಂತ ಸಂಜೆಯ ಒಂದೂವರೆ ಗಂಟೆ ಲೇಸು. ಉಣ್ಣೆಯ ಕಾಲುಚೀಲ ಎರಡು ಜೊತೆ ಇರಲಿ. ಮಗು ಮನೆಗೆ ಹೋಗೋಣವೆಂದರೆ, ಜಿಂಕೆ ಬರುವ ಹೊತ್ತಾಗಿದ್ದರೂ, ಗೊಣಗದೆ ಏಳಬೇಕು. ಬಲವಂತದಿಂದ ಕೂರಿಸಿದ ಮಗು ಮರುವರ್ಷ ಬರುವುದಿಲ್ಲ. ನವೆಂಬರಿನಲ್ಲಿ ಬಂದೂಕಿನ ಬೇಟೆಯ ಒಂಬತ್ತು ದಿನಗಳಲ್ಲಿ ಬಿಲ್ಲಿನವರೂ ಕಣ್ಣು ಕೋರೈಸುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಉಡುಪನ್ನು ತೊಡಬೇಕೆಂಬ ನಿಯಮವಿದೆ. ಚಿಕ್ಕ ಮಕ್ಕಳನ್ನು ಆ ದಿನಗಳಲ್ಲಿ ಕಾಡಿಗೆ ಒಯ್ಯದಿರುವುದೇ ಮೇಲು.

ಒಂದು ಸಂಜೆ ಹೆಣ್ಣು ಜಿಂಕೆಯೊಂದು ನಮ್ಮ ಗುಡಾರದಿಂದ 15 ಗಜದಷ್ಟು ಹತ್ತಿರಕ್ಕೆ ಬಂದು, ಮುಂಗಾಲನ್ನು ನೆಲಕ್ಕೆ ಅಪ್ಪಳಿಸುತ್ತ, ನೇರವಾಗಿ ನಮ್ಮ ಕಡೆಗೇ ನೋಡುತ್ತ ಬಹಳ ಹೊತ್ತು ನಿಂತಿತು. ನಾನು ಹೆದೆಯನ್ನು ಎಳೆದಿದ್ದೆ. ಅದು ಹಾಗೆಯೇ ಹಿಂದಿರುಗಿ ಹೋದಮೇಲೆ ಮಗಳು ಪಿಸುಮಾತಿನಲ್ಲಿ, “ಅಪ್ಪಾ, ಎದುರಿಗೇ ಇತ್ತಲ್ಲ, ಬೇಡ ತಾನೆ?” ಎಂದಳು. “ಬೇಡ ಕಂದಾ.” “ಪಕ್ಕಕ್ಕೆ ತಿರುಗಿದ್ದರೆ?” “ತಿರುಗಲಿಲ್ಲವಲ್ಲ.” ದಾರಿಯುದ್ದಕ್ಕೂ ಅವಳು ಆ ಜಿಂಕೆ ಕಾಲು ಬಡಿದ ರೀತಿಯನ್ನು ಅಭಿನಯಿಸುತ್ತ ಬಂದಳು, ಬರಿಗೈಯಲ್ಲಿ ಬಂದೆವೆಂಬ ಕೊರಗು ಅವಳಲ್ಲಿ ಕಾಣಲಿಲ್ಲ.

ಬಾಣ ಬಿಟ್ಟಮೇಲಿನ ಕೆಲಸದಲ್ಲಿಯೇ ಮಗುವಿನ ನೆರವು ಹೆಚ್ಚಿಗೆ ಬೇಕಾಗುವುದು. ತಗಲಿದ ಜಿಂಕೆ ಸಾಮಾನ್ಯವಾಗಿ ಓಡಿಹೋಗುತ್ತದೆ. ಅದು ನಿಂತಿದ್ದ ಜಾಗ, ಕಡೆಯ ಸಲ ಕಂಡ ಜಾಗ, ಇವೆರಡನ್ನೂ ಮರ ಕಲ್ಲುಗಳ ಗುರುತಿನಿಂದ ನೆನಪಿಡುವ ಹೊಣೆಯನ್ನು ಮಗುವಿಗೆ ಮೊದಲೇ ವಹಿಸಿರಿ. ಎದ್ದು ಓಡಬೇಡಿ, ಗಡಿಯಾರ ನೋಡಿಕೊಂಡು ಕೂತಿರಬೇಕು. ಅರ್ಧ ಗಂಟೆಯ ಮೇಲೆ ಮೆಲ್ಲನೆ ಹೋಗಿ ಬಾಣವನ್ನು ಹುಡುಕಿ ಪರೀಕ್ಷಿಸಿರಿ. ಬಾಣಕ್ಕೆ ಹತ್ತಿದ ರಕ್ತ ತಿಳಿಗೆಂಪಾಗಿ, ಸಣ್ಣ ಗುಳ್ಳೆಗಳ ನೊರೆಯಿಂದ ಕೂಡಿದ್ದರೆ ಶ್ವಾಸಕೋಶಕ್ಕೆ ತಗಲಿದೆ, ಪ್ರಾಣಿ ಸಮೀಪದಲ್ಲಿಯೇ ಬಿದ್ದಿರುತ್ತದೆ. ಕಡುಗೆಂಪಾಗಿ ನೊರೆಯಿಲ್ಲದಿದ್ದರೆ ಯಕೃತ್ತಿಗೆ ತಗಲಿರಬಹುದು. ನಾಲ್ಕು ಗಂಟೆಯಾದರೂ ಬಿಡಬೇಕು. ಹಸುರು ಬೆರೆತು ದುರ್ವಾಸನೆಯಿದ್ದರೆ ಜಠರಕ್ಕೆ ತಗಲಿದೆ. ಎಂಟು ಹತ್ತು ಗಂಟೆಗಳ ಕಾಲ, ಸಂಜೆಯಾಗಿದ್ದರೆ ಬೆಳಗಿನವರೆಗೆ, ಹಿಂಬಾಲಿಸದಿರುವುದೇ ಕರುಣೆ, ಏಕೆಂದರೆ ಅಟ್ಟಿದರೆ ಅದು ಮೈಲಿಗಟ್ಟಲೆ ನರಳುತ್ತ ಹೋಗಿ ಕೈಗೂ ಸಿಗದೆ ಸಾಯುತ್ತದೆ. ಬಿದ್ದ ಕೂದಲನ್ನೂ ನೋಡಿರಿ: ಒರಟಾದ ಕಂದು ಕೂದಲು ಪಕ್ಕೆಯದು, ಬೆಳ್ಳಗಿನದು ಹೊಟ್ಟೆಯ ಅಡಿಯದು. ಜಾಡು ಹಿಡಿದು ಹೋಗುವಾಗ ರಕ್ತ ಕಂಡಲ್ಲೆಲ್ಲ ಬಿಳಿಯ ಕಾಗದದ ಚೂರೊಂದನ್ನು ಇಟ್ಟು ಹೋಗಲು ಮಗುವಿಗೆ ಹೇಳಿ. ಹಿಂದಿರುಗಿ ನೋಡಿದರೆ ಆ ಚೂರುಗಳ ಸಾಲು ಪ್ರಾಣಿ ಹೋದ ದಿಕ್ಕನ್ನು ತೋರಿಸುತ್ತದೆ. ನೆಲಕ್ಕೆ ಹತ್ತಿರವಾದ ಮಗುವಿನ ಕಣ್ಣು ಮೇಪಲ್ ಎಲೆಯ ಕೆಂಪಿನಲ್ಲಿ ರಕ್ತದ ಚುಕ್ಕೆಯನ್ನು ನಮಗಿಂತ ಮೊದಲು ಗುರುತಿಸುವುದನ್ನು ನಾನು ಕಂಡಿದ್ದೇನೆ. ಕತ್ತಲಾಯಿತು, ಚಳಿಯಾಯಿತು ಎಂದು ಹುಡುಕಾಟವನ್ನು ಕೈಬಿಡಬಾರದು. ಮಗುವನ್ನು ಮನೆಗೆ ಕಳುಹಿಸಿಯಾದರೂ ಮುಂದುವರಿಸಬೇಕು, ಮುಂದುವರಿಸಿದಿರೆಂಬುದು ಅದಕ್ಕೆ ತಿಳಿಯಬೇಕು.

ಬಿದ್ದ ಜಿಂಕೆಯನ್ನು ಬೆನ್ನಿನ ಕಡೆಯಿಂದ ಸಮೀಪಿಸಿ, ಉದ್ದನೆಯ ಕೋಲಿನಿಂದ ಕಣ್ಣನ್ನು ಮುಟ್ಟಿ, ರೆಪ್ಪೆ ಅಲುಗದಿದ್ದರೆ ಮಾತ್ರ ಮಗುವನ್ನು ಹತ್ತಿರಕ್ಕೆ ಕರೆಯಿರಿ. ಅಳು ಬಂದರೆ ಅಳಲಿ. ಅದನ್ನು ಹುಡುಗಾಟಿಕೆಯ ಮಾತಿನಿಂದ ಒರೆಸುವುದಾಗಲಿ, ಒಡನೆ ಭಾವಚಿತ್ರಕ್ಕೆ ನಿಲ್ಲಿಸುವುದಾಗಲಿ ಅವಿವೇಕ. ನಾವು ಕೊಂದೆವು, ತಿನ್ನುವುದಕ್ಕಾಗಿ ಕೊಂದೆವು ಎಂದು ನೇರವಾಗಿ ಹೇಳುವುದೇ ಸರಿ. ಚರ್ಮವನ್ನು ಹಗುರವಾಗಿ ಸೀಳಿ, ಜಠರವನ್ನೂ ಮೂತ್ರಕೋಶವನ್ನೂ ಒಡೆಯದೆ ಕರುಳನ್ನು ತೆಗೆಯುವಾಗ, ನೋಡಲು ಮನಸ್ಸಿರುವ ಮಗುವಿಗೆ ಶ್ವಾಸಕೋಶದಲ್ಲಿ ಅಲಗು ಹೋದ ಗಾಯವನ್ನು ತೋರಿಸಬಹುದು. ಬೊಂಬೆಯ ಮುಂದೆ ಕಲಿತದ್ದರ ಅರ್ಥ ಆಗ ತಿಳಿಯುತ್ತದೆ. ಮಾಂಸ ಬೇಗ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಕ್ಕೆ ತಣ್ಣಗಾಗಬೇಕು. ಹವೆ ಬೆಚ್ಚಗಿದ್ದರೆ ಎದೆಗೂಡಿನಲ್ಲಿ ಹಿಮದ ಗಡ್ಡೆಯ ಚೀಲಗಳನ್ನಿರಿಸಿರಿ. ಜಿಂಕೆ ಕೈಸೇರಿದ ಮರುದಿನ ಸಂಜೆ 5 ಗಂಟೆಯೊಳಗೆ ನೈಸರ್ಗಿಕ ಸಂಪನ್ಮೂಲ ಇಲಾಖೆಯಲ್ಲಿ ನೋಂದಾಯಿಸುವುದು ಕಡ್ಡಾಯ.

ಅಡಿಗೆಗೆ ಮೊದಲು ಇನ್ನೊಂದು ಕಾರ್ಯವಿದೆ. ಜಿಂಕೆಗಳ ಮೆದುಳನ್ನು ಕ್ಷಯಗೊಳಿಸುವ ಕ್ರಾನಿಕ್ ವೇಸ್ಟಿಂಗ್ ರೋಗ ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಪತ್ತೆಯಾಗಿ ದಕ್ಷಿಣದ ಜಿಲ್ಲೆಗಳಲ್ಲಿ ಹರಡಿದೆ. ಮನುಷ್ಯರಿಗೆ ತಗಲಿದ ನಿದರ್ಶನ ದೃಢಪಟ್ಟಿಲ್ಲವಾದರೂ, ರೋಗವಿದ್ದ ಪ್ರಾಣಿಯ ಮಾಂಸವನ್ನು ತಿನ್ನಬಾರದೆಂದು ಅಮೆರಿಕದ ರೋಗನಿಯಂತ್ರಣ ಸಂಸ್ಥೆ ಎಚ್ಚರಿಸುತ್ತದೆ. ತಲೆಯನ್ನು ಪರೀಕ್ಷೆಗೆ ಒಪ್ಪಿಸಿ, ಫಲಿತಾಂಶ ಬರುವವರೆಗೆ ಮಾಂಸವನ್ನು ಗುರುತುಹಾಕಿ ಫ್ರೀಜರ್‌ನಲ್ಲಿಡಿ; ಮಕ್ಕಳಿಗೆ ಉಣ್ಣಿಸುವ ಮನೆಯಲ್ಲಿ ಈ ವಿಷಯದಲ್ಲಿ ರಿಯಾಯಿತಿ ಸಲ್ಲದು. ಹಸಿಗೆ ಮಾಡುವಾಗ ಬೆನ್ನುಹುರಿಯನ್ನು ಕೊಯ್ಯದೆ, ಮೂಳೆಯಿಂದ ಮಾಂಸವನ್ನು ಬಿಡಿಸಿಕೊಳ್ಳುವುದು ಲೇಸು. ಈ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ. ಬೆನ್ನಿನ ಮೃದುವಾದ ಪಟ್ಟಿಗಳನ್ನು ದೊಡ್ಡ ಉರಿಯಲ್ಲಿ ಸ್ವಲ್ಪವೇ ಹುರಿದು ಇಳಿಸಬೇಕು, ಹೆಗಲು ತೊಡೆಗಳನ್ನು ಮೆಣಸು, ಹುರಿದ ಕೊತ್ತಂಬರಿ, ಸಿಕ್ಕಿದರೆ ಕೊಡಗಿನ ಕಾಚಂಪುಳಿ ಹಾಕಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಬೇಕು.

ಪೊಟ್ಟಣಗಳ ಮೇಲೆ ದಿನಾಂಕವನ್ನೂ ಯಾವ ಭಾಗವೆಂಬುದನ್ನೂ ಮಗುವಿನ ಕೈಯಿಂದ ಬರೆಸಿರಿ. ಪರೀಕ್ಷೆಯ ಫಲ ಶುಭವಾಗಿ ಬಂದೊಡನೆ ಒಳ್ಳೆಯ ಪೊಟ್ಟಣವೊಂದು ಜಮೀನಿನವರ ಮನೆಗೆ ಹೋಗಬೇಕು. ಅದನ್ನು ಒಯ್ದು ಕೊಡುವುದೂ, ಮುಂದಿನ ಆಗಸ್ಟ್‌ನಲ್ಲಿ ಅದೇ ಬಾಗಿಲಲ್ಲಿ ನಿಂತು ಮತ್ತೆ ಅನುಮತಿ ಕೇಳುವುದೂ ಮಗುವಿನ ಕೆಲಸವಾಗಿರಲಿ.